ವಲ್ಲಿಯ ಕೆಳಗಿನ ಕೈ

ಸಾಯಬಮ್ಮ ಗಂಡನ ಉಗುರಿನೊಳಗಿನ ಮಸಿಯನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದಳು. ಮೂವತ್ತು ವರ್ಷ ಊರಿನ ಬೀದಿ ಕಂದೀಲುಗಳಿಗೆ ಎಣ್ಣೆ ಹಾಕಿ, ಗಾಜು ಒರೆಸಿದ ಕೈ. ಸತ್ತರೂ ಮಸಿ ಬಿಡಲೊಲ್ಲದು. ಮೈ ತೊಳೆದು, ವಿಭೂತಿ ಬಳಿದು, ಭಾಗಣ್ಣನನ್ನು ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ರುಮಾಲು ಸುತ್ತಿಸಿಕೊಂಡು ಕೂತವನು ಈಗಲೋ ಆಗಲೋ ಯಾರಿಗಾದರೂ ಬೈದಾನು ಎನ್ನುವಂತಿದ್ದ.

"ಬಿಡವಾ, ಅದು ಹೋಗಂಗಿಲ್ಲ," ಎಂದಳು ನೆರೆಮನೆಯ ಹಣಮಂತಮ್ಮ.

"ಹೋಗದಿದ್ರ ಇರ್ಲಿ. ಮಾಡಿದ ಕೆಲಸದ ಗುರುತು ಅದೊಂದ ಉಳಿದದ."

ಅಷ್ಟರಲ್ಲಿ ಕಚೇರಿಯ ಪೇಶಕಾರ ಹಂಪಣ್ಣ ಅಂಗಳಕ್ಕೆ ಬಂದ. ಹೆಗಲ ಮೇಲೆ ಹೊಸ ಬಿಳಿ ವಲ್ಲಿ. ಮಣ್ಣಿಗೆ ಬಂದವರು ತಂದ ಬಟ್ಟೆಯನ್ನು ಹೆಣಕ್ಕೆ ಹೊದಿಸುವುದು ರೂಢಿ. ಅವನು ಹೊದಿಸಲಿಲ್ಲ. ಸಾಯಬಮ್ಮನ ಪಕ್ಕದಲ್ಲಿ ಕೂತು ದನಿ ತಗ್ಗಿಸಿದ.

"ತಂಗಿ, ಮಣ್ಣಿಗೆ ಒಯ್ಯೂದ್ರಾಗ ನಿನ್ನ ವಜೀಫಾದ ಮಾತು ಮುಗಿಸಿಬಿಡೂಣು. ನಾಳಿ ಬರೇ ಗದ್ದಲ ಆಗ್ತದ."

* * *

ಹಂಪಣ್ಣ ಪೇಶಕಾರನಾಗುವ ಮೊದಲು ದನದ ಸಂತೆಯಲ್ಲಿ ದಲಾಲಿ ಮಾಡಿದವನು. ಅಲ್ಲಿ ವಲ್ಲಿಯ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ದರ ಹೇಳುತ್ತಾರೆ. ಕೊಡುವವನಿಗೆ, ಕೊಳ್ಳುವವನಿಗೆ ಬಿಟ್ಟರೆ ಮೂರನೆಯವನಿಗೆ ತಿಳಿಯದು. ಆ ವಲ್ಲಿಯನ್ನು ಪುಣ್ಯಾತ್ಮ ಸರಕಾರಿ ಕಚೇರಿಗೂ ಹೊತ್ತು ತಂದ. ಕೆಲಸದಿಂದ ಇಳಿಯುವ ಕಸದವರು, ಬೀದಿಗೆ ನೀರು ಹೊಡೆಯುವವರು, ದೀಪದವರು ಒಬ್ಬೊಬ್ಬರಾಗಿ ಒಳಗೆ ಹೋಗಬೇಕು. ಮುದಿತನಕ್ಕೆ ತಿಂಗಳಿಗೆಷ್ಟು ವಜೀಫಾ ಎಂಬುದು ವಲ್ಲಿಯ ಕೆಳಗೇ ತೀರ್ಮಾನ. ಹೊರಗೆ ಬಂದು ಬಾಯಿ ಬಿಟ್ಟರೆ ಅದೂ ಇಲ್ಲ.

ಭಾಗಣ್ಣನ ಸರದಿ ಬಂದಾಗ ಪೇಶಕಾರ ಅವನ ಮೂರು ಬೆರಳು ಹಿಡಿದ: ತಿಂಗಳಿಗೆ ಮೂರು ರೂಪಾಯಿ. ಭಾಗಣ್ಣ ವಲ್ಲಿ ಕೊಡವಿ ಎದ್ದ.

"ಇನ್ನ ಬಾಯಿ ತೆಗಸಿ ಹಲ್ಲು ಎಣಸ್ತೀಯೇನು? ನಾ ಎತ್ತಲ್ಲೋ ಪೇಶಕಾರ! ಎಲ್ಲಾರಿಗೂ ಎಷ್ಟೆಷ್ಟಂತ ಮೆಟ್ಟಲ ಮ್ಯಾಲ ನಿಂತು ಕೂಗಿ ಹೇಳು."

ಅಂದಿನಿಂದ ದೀಪದವರೆಲ್ಲ ಅವನ ಜೊತೆ ಕೆಲಸ ಬಿಟ್ಟು ಕೂತರು; ಹನ್ನೊಂದು ದಿನ ಊರಿನಲ್ಲಿ ಒಂದು ಕಂದೀಲೂ ಹತ್ತಲಿಲ್ಲ. ಹನ್ನೊಂದನೆಯ ದಿನ ತಹಶೀಲ್ದಾರರ ಟಾಂಗಾ ಚರಂಡಿಗೆ ಇಳಿಯಿತು. ಮರುದಿನವೇ ಕಚೇರಿ ಒಪ್ಪಿತು: ಬರುವ ಸೋಮವಾರ, ಮೆಟ್ಟಿಲ ಮೇಲೆ, ಎಲ್ಲರೆದುರು ಮಾತು.

ಮನೆಯಲ್ಲಿ ಸಾಯಬಮ್ಮ ಮಾತ್ರ ಕಿಡಿ ಕಾರಿದ್ದಳು. "ಕೊಡಾಕ ಬಂದ ಮೂರನ್ನೂ ಒದ್ದು ಬಂದಿ. ನಿನ್ನ ಹಟ ಕುದಿಸಿ ಉಣ್ಲೇನು ನಾನು?"

"ಕಸ ಹೊಡಿಯೋ ಖಾಸಿಂಬೀಗೆ ಎಷ್ಟು ಹಿಡದಾನಂತ ನಿನಗ ಗೊತ್ತೇನು?" ಎಂದು ಕೇಳಿದ್ದ ಭಾಗಣ್ಣ. ಅವಳಿಗೆ ಗೊತ್ತಿರಲಿಲ್ಲ. "ನನಗೂ ಗೊತ್ತಿಲ್ಲ. ಅದಕ್ಕ ಒದ್ದು ಬಂದೆ."

ಸೋಮವಾರ ನಾಳೆ. ಇವತ್ತು ನಸುಕಿನಲ್ಲಿ ಅವನ ಎದೆ ನಿಂತಿತ್ತು.

* * *

ಹಂಪಣ್ಣ ವಲ್ಲಿಯನ್ನು ಅವಳ ತೊಡೆಯ ಮೇಲೆ ಹರಡಿದ. "ಕೈ ಕೊಡು."

ಮಡಕೆಯಲ್ಲಿ ಎರಡು ದಿನದ ಜೋಳದ ಹಿಟ್ಟಿತ್ತು. ಗಂಡನ ಮೇಲೆ ಅವಳಿಗೆ ಸಿಟ್ಟು ಉಕ್ಕಿತು. ಹೋಗುವವನು ಸೋಮವಾರ ದಾಟಿಸಿಕೊಂಡಾದರೂ ಹೋಗಬಾರದಿತ್ತೇ? ಕೈ ತಾನೇ ವಲ್ಲಿಯ ಕೆಳಗೆ ಸರಿಯಿತು. ಹಂಪಣ್ಣ ಅವಳ ನಾಲ್ಕು ಬೆರಳನ್ನೂ ಒಟ್ಟಿಗೆ ಹಿಡಿದು ಒತ್ತಿದ.

ನಾಲ್ಕು! ಭಾಗಣ್ಣನಿಗೂ ಹಿಡಿಯದ ನಾಲ್ಕು.

"ನಾಳಿ ಮೆಟ್ಟಲ ಕಡಿ ಬರಬ್ಯಾಡ, ಅಷ್ಟ. ನನ್ನದು ಮುಗೀತು, ನೀವೂ ಮನಿಗೆ ಹೋಗ್ರಿ ಅಂತ ಮಂದಿಗೆ ಹೇಳಿಬಿಡು."

ಎದುರಿಗೆ, ಹೆಣವನ್ನು ಕೂಡಿಸಿಯೇ ಒಯ್ಯುವ ಚಟ್ಟ ಕಟ್ಟುತ್ತಿದ್ದವನು ಸರದಾರಸಾಬ, ಬೀದಿಗೆ ನೀರು ಹೊಡೆಯುವವನು. ಅವನು ವಲ್ಲಿಯನ್ನು ನೋಡಿದ, ಅವಳನ್ನು ನೋಡಿದ, ಮುಖ ತಿರುಗಿಸಿ ಹಗ್ಗ ಬಿಗಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ತಿರುಗಿದ ಮುಖವನ್ನು ತಡೆದುಕೊಳ್ಳಲಾಗಲಿಲ್ಲ.

ಸಾಯಬಮ್ಮ ಎಡಗೈಯಿಂದ ಪೇಶಕಾರನ ಮಣಿಕಟ್ಟು ಹಿಡಿದಳು. ಎರಡೂ ಕೈಗಳನ್ನು ಕೂಡಿಯೇ ಮೇಲೆತ್ತಿ ನಿಂತಳು. ವಲ್ಲಿ ಜಾರಿ ಕೆಳಗೆ ಬಿತ್ತು. ಅವಳ ನಾಲ್ಕು ಬೆರಳು ಇನ್ನೂ ಅವನ ಮುಷ್ಟಿಯಲ್ಲೇ ಇದ್ದವು.

"ನೋಡ್ರಿ ಎಲ್ಲಾರೂ! ನನಗ ನಾಕು ರೂಪಾಯಿ ಹಿಡದಾನ. ನಿಮಗ ಎಷ್ಟು ಹಿಡದಾನ, ಹೇಳ್ರಿ!"

ಅಳುವವರ ಅಳು ನಿಂತಿತು. ಕಸ ಗುಡಿಸಿ ಬೆನ್ನು ಬಾಗಿದ ಖಾಸಿಂಬೀ ಮೊದಲು ಬಾಯಿ ಬಿಟ್ಟಳು. "ನನಗ ಒಂದೂವರಿ. ಇಪ್ಪತ್ತೆಂಟು ವರ್ಷ ಕಸ ಹೊಡದೀನಿ, ಒಂದೂವರಿ!"

"ಮುಂದಿನ ತಿಂಗಳಿಂದ ನನಗ ಎರಡು ಅಂದಾನ," ಎಂದ ಸರದಾರಸಾಬ. "ಹೇಣ್ತಿ ಮುಂದನೂ ಹೇಳಿದ್ದಿಲ್ಲ ನಾ."

ಹಂಪಣ್ಣ ಕೈ ಕಿತ್ತುಕೊಂಡ. "ನಿನ್ನ ನಾಕು ಹೋತು, ತಿಳೀತೇನು?"

"ಹೋಗ್ಲಿ," ಎಂದಳು ಸಾಯಬಮ್ಮ. "ನಾಳಿ ಮೆಟ್ಟಲ ಮ್ಯಾಲ ಎಲ್ಲಾರ್ದೂ ಕೂಡಿ ಕೇಳ್ತೀವಿ."

ಅವನು ವಲ್ಲಿಯನ್ನೂ ಎತ್ತಿಕೊಳ್ಳದೆ ಹೊರಟುಹೋದ. ಹಣಮಂತಮ್ಮ ಅದರ ಧೂಳು ಕೊಡವಿ, ರೂಢಿಯಂತೆ ಭಾಗಣ್ಣನಿಗೆ ಕುತ್ತಿಗೆಯಿಂದ ಮೊಣಕಾಲವರೆಗೆ ಹೊದಿಸಿದಳು. ಸಾಯಬಮ್ಮ ಬಗ್ಗಿ, ಗಂಡನ ಎರಡೂ ಕೈಗಳನ್ನು ವಲ್ಲಿಯ ಕೆಳಗಿನಿಂದ ತೆಗೆದು ಮೇಲಿಟ್ಟಳು.

ಹೊತ್ತವರು ಕಚೇರಿಯ ಮೆಟ್ಟಿಲ ಮುಂದೆ, ಯಾರೂ ಹೇಳದೆಯೇ ನಿಂತರು. ಒಳಗೆ ಯಾರೋ ಕಿಟಕಿ ಮುಚ್ಚಿದರು. ಚಟ್ಟದಲ್ಲಿ ಕೂತ ಭಾಗಣ್ಣನ ಬಿಳಿ ವಲ್ಲಿಯ ಮೇಲೆ, ನಡುಹಗಲ ಬಿಸಿಲಿನಲ್ಲಿ, ಮಸಿ ಹಿಡಿದ ಹತ್ತು ಬೆರಳೂ ಎಲ್ಲರಿಗೂ ಕಾಣುತ್ತಿದ್ದವು.