ಅಲಸಂಡೆ ಹಿಡಿದ ಜೋಳ

ಜೋಳದ ಸಾಲಿನೊಳಗೆ ಇಪ್ಪತ್ತು ಹೆಜ್ಜೆ ಹೋದ ಭವ್ಯಶ್ರೀ ಅಲ್ಲೇ ನಿಂತುಬಿಟ್ಟಳು. ದಂಟುಗಳನ್ನು ನಾಲ್ಕು ನಾಲ್ಕಾಗಿ ಸೇರಿಸಿಕೊಂಡು ಅಲಸಂಡೆ ಬಳ್ಳಿ ತುದಿಯವರೆಗೆ ಏರಿತ್ತು. ಮೇಲೆ ಹೂವು, ಕೆಳಗೆ ಎಳೆ ಕಾಯಿ.

"ಚನಿಯಣ್ಣ, ಎಂತ ಇದು?"

"ಅಲಸಂಡೆ ಅಕ್ಕ." ನೀರಿನ ಪೈಪು ಹಿಡಿದು ಹಿಂದೆಯೇ ಬಂದಿದ್ದ ಚನಿಯನ ಮುಖದಲ್ಲಿ ಹೆಮ್ಮೆಯಿತ್ತು.

"ಅದು ಕಾಣ್ತದೆ. ಇಲ್ಲಿ ಯಾಕೆ ಉಂಟು?"

ಅಬುಧಾಬಿಯ ಹೊರಗಿನ ಈ ಮೇವಿನ ತೋಟದಲ್ಲಿ ಅವಳ ಕೆಲಸ ಗಾಳಿ ಅಳೆಯುವುದು. ಒಂದೇ ಎತ್ತರಕ್ಕೆ ನಿಂತ ಬೆಳೆಯ ಮೇಲೆ ಗಾಳಿ ಜಾರಿಕೊಂಡು ಹೋಗುತ್ತದೆ. ಬೆಳೆಯ ತಲೆ ಏರುಪೇರಾದರೆ ಗಾಳಿ ಎಡವುತ್ತದೆ, ಸುಳಿ ಸುತ್ತುತ್ತದೆ, ನಿಧಾನವಾಗುತ್ತದೆ. ಹೊಲದ ನಡುವಿನ ಕಂಬದ ಮೇಲಿರುವ ಸೆನ್ಸರ್ ಅದನ್ನು ದಾಖಲಿಸುತ್ತದೆ. ಹದಿನೈದು ದಿನದಿಂದ ವಾಯವ್ಯದ ಗಾಳಿ ಮಾತ್ರ ಎಡವುತ್ತಿತ್ತು. ಸೆನ್ಸರ್ ಕೆಟ್ಟಿರಬೇಕೆಂದು ನಿನ್ನೆಯಷ್ಟೇ ಆಫೀಸಿಗೆ ಬರೆದಿದ್ದಳು. ಈ ಸಾಲು ಕಂಬದ ವಾಯವ್ಯಕ್ಕೇ ಇತ್ತು.

"ಗಾಳಿ ಜಾಸ್ತಿ, ಗಾಳಿ ಜಾಸ್ತಿ ಅಂತ ನೀವೇ ತಲೆ ಹಿಡ್ಕೊಳ್ತಿದ್ರಿ ಅಲ್ವಾ? ಜೋಳ ಬೀಳ್ತದೆ ಅಂತ ಹೆದರಿಕೆ ಅಂದ್ಕೊಂಡೆ. ಬಳ್ಳಿ ಹಿಡ್ಕೊಂಡ್ರೆ ಬೀಳುದಿಲ್ಲ. ಮೀಟರಲ್ಲಿ ಕಮ್ಮಿ ಬಂತಲ್ಲ?"

"ಬಂತು ಮಾರಾಯ್ರೆ. ಚಂದ ಬಂತು."

"ಮತ್ತೆಂತ! ರೂಮಿನ ಎಂಟು ಜನರಿಗೆ ಪಲ್ಯವೂ ಆಯ್ತು."

"ಇದರೊಳಗೆ ಏನಾದ್ರೂ ನೆಟ್ಟವರನ್ನು ಕೆಲಸ ಬಿಡಿಸಿ ಊರಿಗೆ ಕಳಿಸ್ತಾರೆ, ಗೊತ್ತುಂಟಲ್ಲ? ಹೋದ ವರ್ಷ ಒಬ್ಬನನ್ನು ಕಳಿಸಿದ್ರು."

"ಅವ ನೆಟ್ಟದ್ದು ಪುದೀನ ಅಕ್ಕ. ಪುದೀನಕ್ಕೆ ಗಾಳಿ ನಿಲ್ತದಾ?"

ಅಷ್ಟರಲ್ಲಿ ಫೋನ್ ಬಂತು. ನಗರದ ಟೂರಿಸ್ಟ್ ಕ್ಲಬ್ ಏರಿಯಾದ ಆಫೀಸಿನಿಂದ ಮ್ಯಾನೇಜರ್ ಹರ್ಬರ್ಟ್.

"ಭವ್ಯಾ, ನಾಳೆ ಹೊಸ ಸೆನ್ಸರ್ ತರ್ತೇನೆ. ಹಳೇದು ಹಾಳಾದದ್ದು ಗ್ಯಾರಂಟಿಯಾ?"

ಹೌದು ಎಂದರೆ ನಾಳೆ ಹರ್ಬರ್ಟ್ ಇಲ್ಲೇ ಬಂದು ನಿಲ್ಲುತ್ತಾನೆ, ಬಳ್ಳಿಯನ್ನೂ ನೋಡುತ್ತಾನೆ. ಯಾರಿಗೂ ಹೇಳದೆ ಬಳ್ಳಿ ಕಿತ್ತು ಹಾಕಿದರೆ ಹದಿನೈದು ದಿನದ ಸುಳ್ಳು ಲೆಕ್ಕ ವರದಿಯಲ್ಲಿ ಉಳಿಯುತ್ತದೆ.

"ಇಲ್ಲ ಸರ್. ಸೆನ್ಸರ್ ಸರಿ ಉಂಟು. ತಪ್ಪು ನನ್ನದು. ಎರಡು ತಿಂಗಳಿಂದ ಹೊಲದೊಳಗೆ ಕಾಲಿಡ್ಲಿಲ್ಲ, ಎಸಿಯಲ್ಲಿ ಕೂತು ಲ್ಯಾಪ್‌ಟಾಪ್ ನೋಡಿದ್ದೇ. ಒಳಗೆ ಬಳ್ಳಿ ಎದ್ದಿದೆ."

"ಬಳ್ಳಿಯಾ? ಯಾರು ಹಾಕಿದ್ದು?"

ಚನಿಯ ತಾನೇ ಎಂದು ಎದೆ ಮುಟ್ಟಿ ತೋರಿಸಿ ಬಾಯಿ ತೆರೆದ. ಅವಳು ಕಣ್ಣಲ್ಲೇ ಗದರಿಸಿದಳು.

"ಬೀಜ ಬಿದ್ದಲ್ಲಿ ಹುಟ್ತದೆ ಸರ್. ನೋಡ್ಬೇಕಾದದ್ದು ನಾನು."

ಆ ಕಡೆ ಹರ್ಬರ್ಟ್ ಕ್ಯಾಲೆಂಡರ್ ಮಗುಚಿದ ಸದ್ದಾಯಿತು.

"ಖಲಾಸ್. ಆ ಹದಿನೈದು ದಿನದ್ದು ಬಿಸಾಡು, ಮೊದಲಿಂದ ಅಳೆ. ನಿನ್ನ ರಜೆ ಮಾಫಿ, ಸಿಗುದಿಲ್ಲ."

ರಜೆ ಹಾಕಿದ್ದು ತಂಗಿಯ ಸೀಮಂತಕ್ಕೆ. ಅವಳು ಫೋನನ್ನು ಜೇಬಿಗಿಟ್ಟಳು.

"ಎಂತ ಹೇಳಿದ್ರು ಅಕ್ಕ?"

"ಸಂಜೆಯೊಳಗೆ ಬಿಡಿಸ್ಬೇಕು."

ಚನಿಯ ಸೊಂಟದ ಕತ್ತಿಗೆ ಕೈ ಹಾಕಿದ.

"ಕತ್ತಿ ಬೇಡ. ದಂಟಿಗೆ ತಾಗ್ತದೆ. ನೀವು ಆ ಕಡೆಯಿಂದ ಬಿಡಿಸಿ, ನಾನು ಈ ಕಡೆಯಿಂದ."

ಇಬ್ಬರೂ ಶುರು ಮಾಡಿದರು. ಬಳ್ಳಿ ಸುತ್ತಿದ ದಿಕ್ಕಿಗೆ ಎದುರಾಗಿ, ಒಂದೊಂದೇ ಸುತ್ತು ಬಿಡಿಸುತ್ತ ಹೋದರು. ಮೊದಲು ಬಳ್ಳಿಯಿಂದ ಬಿಟ್ಟುಕೊಂಡ ದಂಟು ಗಾಳಿಗೆ ಅತ್ತ ವಾಲಿತು, ಪಕ್ಕದ್ದಕ್ಕೆ ತಾಗಿ ನೆಟ್ಟಗಾಯಿತು, ಮತ್ತೆ ಸಾಲಿನೊಂದಿಗೆ ಬಾಗತೊಡಗಿತು.