ಎರಡನೇ ಟ್ಯಾಂಕು

ಅಪ್ಪನನ್ನು ಪೆಟ್ರೋಲ್ ಕಳ್ಳ ಎಂದು ಕೆಲಸದಿಂದ ತೆಗೆದರು. ಕಳಿಸುವ ಮೊದಲು ಅಂಗಿಯ ಜೇಬು ನೋಡಿದರು, ಚಪ್ಪಲಿ ಬಿಚ್ಚಿಸಿದರು, ಊಟದ ಡಬ್ಬಿಯ ಮುಚ್ಚಳ ತೆಗೆಸಿ ಮೂಸಿ ನೋಡಿದರು. ಆಮೇಲೆ ಹಿಂದಿನ ಗೇಟಿನಿಂದ ಹೊರಗೆ ಬಿಟ್ಟರು.

ಸೋಪಿನ ಕಾರ್ಖಾನೆಯ ಯಜಮಾನರ ಕಾರನ್ನು ಅವನು ಹತ್ತೊಂಬತ್ತು ವರ್ಷ ಓಡಿಸಿದ್ದ. ಇಂಗ್ಲೆಂಡಿನಲ್ಲಿ ತಯಾರಾದ ಕಾರು. ಗಾಢ ಹಸಿರು ಬಣ್ಣ, ಉದ್ದ ಮೂತಿ, ಮುಂದೆ ನಾಲ್ಕು ದುಂಡು ದೀಪ. ಒಳಗೆ ಕನ್ನಡಿಯ ಹಾಗೆ ಹೊಳೆಯುವ ಅಕ್ರೋಟು ಮರದ ಹಲಗೆ, ಕೂತರೆ ಮೆಲ್ಲಗೆ ಉಸಿರು ಬಿಡುವ ಚರ್ಮದ ಸೀಟು. ಕಾರ್ಖಾನೆಯವರೆಲ್ಲ ಅದನ್ನು ‘ದೊರೆಸಾನಿ’ ಎನ್ನುತ್ತಿದ್ದರು. ದೊರೆಸಾನಿಗೆ ಎರಡು ಪೆಟ್ರೋಲ್ ಟ್ಯಾಂಕು. ಎಡಗಡೆ ಒಂದು, ಬಲಗಡೆ ಒಂದು, ಎರಡಕ್ಕೂ ಬೀಗವಿರುವ ಬೇರೆ ಬೇರೆ ಮುಚ್ಚಳ. ಸ್ಟೇರಿಂಗ್ ಹತ್ತಿರ ಒಂದು ಪುಟ್ಟ ಗುಂಡಿ. ಅದನ್ನು ಒತ್ತಿದರೆ ಕಾರು ಒಂದು ಟ್ಯಾಂಕು ಬಿಟ್ಟು ಇನ್ನೊಂದರಿಂದ ಕುಡಿಯುತ್ತದೆ. ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಮಾತ್ರ ಒಂದೇ. ಯಾವ ಟ್ಯಾಂಕಿನಿಂದ ಕುಡಿಯುತ್ತಿದೆಯೋ ಅದನ್ನಷ್ಟೇ ತೋರಿಸುತ್ತದೆ.

ಯಜಮಾನರಿಗೆ ಇದು ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಹಿಂದಿನ ಸೀಟು. ಎರಡೂ ಕಡೆ ಮುಚ್ಚಳ ಇರುವುದು ಅಂದಕ್ಕೆ, ಕಿವಿಗೆರಡು ಓಲೆ ಇದ್ದ ಹಾಗೆ, ಎಂದುಕೊಂಡಿದ್ದರು.

ಆ ದಿನ ಬೆಳಿಗ್ಗೆ ಅಪ್ಪ ಎಡಗಡೆಯ ಟ್ಯಾಂಕು ಕಂಠಮಟ್ಟ ತುಂಬಿಸಿ ಬೀಗ ಹಾಕಿದ. ಬಲಗಡೆಯದರಲ್ಲಿ ತಳ ಕಾಣುವಷ್ಟು ಉಳಿದಿತ್ತು. ಅದು ಮುಗಿದ ಮೇಲೆ ಗುಂಡಿ ಒತ್ತಿದರಾಯಿತು ಎಂದು ಹಾಗೇ ಬಿಟ್ಟ. ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದಾಗ ಯಜಮಾನರು ಜನ್ಮದಲ್ಲಿ ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತು, ಬಂದಿದ್ದ ನೆಂಟರಿಗೆ ರೇಡಿಯೋ ಕೇಳಿಸಲು ಬೀಗದ ಕೈ ತಿರುಗಿಸಿದರು. ಮುಳ್ಳು ನೆಲ ಕಚ್ಚಿತ್ತು. ಬೆಳಿಗ್ಗೆಯ ಪೆಟ್ರೋಲ್ ಚೀಟಿ ಗುಮಾಸ್ತರ ಕೈಯಲ್ಲಿತ್ತು.

ಅಪ್ಪನನ್ನು ಎಂಜಲು ಕೈಯಲ್ಲೇ ಕರೆಸಿದರು.

“ಇನ್ನೊಂದು ಟ್ಯಾಂಕಲ್ಲಿದೆ ಯಜಮಾನ್ರೇ,” ಎಂದ ಅಪ್ಪ.

“ಇನ್ನೊಂದು ಟ್ಯಾಂಕು ನಿನ್ನ ಮನೇಲಿದೆಯಾ?” ಎಂದರು ಯಜಮಾನರು. ನೆಂಟರು ನಕ್ಕರು. ಗುಮಾಸ್ತರು ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚು ನಕ್ಕರು, ಅದೂ ಅವರ ಕೆಲಸದ ಭಾಗವಾಗಿತ್ತು. ಡಬ್ಬಿಯನ್ನು ಮೂಸಿದವರೂ ಅವರೇ. ಎದುರು ಮಾತಾಡದೆ ನಡಿ ಎಂದರು ಯಜಮಾನರು.

“ಆಗಲಿ,” ಎಂದ ಅಪ್ಪ.

ಅಪ್ಪನ ಬಾಯಲ್ಲಿ ಈ ಮಾತು ಕೇಳಿ ಕೇಳಿ ಅಮ್ಮನಿಗೆ ಸಾಕಾಗಿತ್ತು. ಕಾರು ತೊಳಿ ಎಂದರೆ ಆಗಲಿ, ಭಾನುವಾರ ಬಾ ಎಂದರೆ ಆಗಲಿ, ಈ ವರ್ಷ ಸಂಬಳ ಏರಿಸಲ್ಲ ಎಂದರೂ ಆಗಲಿ. “ನಿಮ್ಮಪ್ಪನಿಗೆ ದೇವರು ಮೂರೇ ಅಕ್ಷರ ಕೊಟ್ಟು ಕಳಿಸಿದ್ದಾನೆ. ಅದನ್ನೂ ಯಜಮಾನರ ಪಾದಕ್ಕೇ ಇಟ್ಟುಬಿಟ್ಟ,” ಎನ್ನುತ್ತಿದ್ದಳು. ಟ್ಯಾಂಕಿನ ಮುಚ್ಚಳ ತೆಗೆದು ಒಂದು ಸಲ ನೋಡಿ ಎಂದು ಕೇಳಲು ಕಾರ್ಖಾನೆಗೆ ಮೂರು ಸಲ ಹೋದವಳೂ ಅವಳೇ. ಮೂರು ಸಲವೂ ಗೇಟು ದಾಟಲಾಗಲಿಲ್ಲ. ಯಜಮಾನರು ಆಗಲೇ ಹೊಸ ಕಾರು ತರಿಸಿದ್ದರು. ದೊರೆಸಾನಿಯನ್ನು ಹಳೆಯ ಶೆಡ್ಡಿಗೆ ತಳ್ಳಿ, ಮೇಲೊಂದು ಟಾರ್ಪಾಲು ಹೊದಿಸಿ, ಬೀಗದ ಕೈಯನ್ನು ಮೇಜಿನ ಖಾನೆಗೆ ಹಾಕಿದ್ದರು. ನಮ್ಮಂಥವರ ಸಾಕ್ಷಿ ಯಾವಾಗಲೂ ಅವರಂಥವರ ಶೆಡ್ಡಿನಲ್ಲೇ ಇರುತ್ತದೆ.

ಆಮೇಲೆ ಯಾರೂ ಅಪ್ಪನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಬಸ್ ಡಿಪೋದಲ್ಲಿ ಬಸ್ಸು ತೊಳೆದ. ಶಾಲೆಯಲ್ಲಿ ನನ್ನನ್ನು ‘ಪೆಟ್ರೋಲ್’ ಎಂದು ಕರೆದರು. ನಾನು ಪಕ್ಕದಲ್ಲಿ ಕೂತರೆ ಹುಡುಗಿಯರು ಮೂಗು ಮುಚ್ಚಿಕೊಂಡು ಬೆಂಕಿಪೊಟ್ಟಣ ದೂರ ಇಡ್ರೇ ಎಂದು ಕಿಸಕ್ಕೆನ್ನುತ್ತಿದ್ದರು. ಆ ಹೆಸರು ನನ್ನನ್ನು ಬಿಡಲಿಲ್ಲ, ನಾನೂ ಅದನ್ನು ಬಿಡಲಿಲ್ಲ. ಮೆಕ್ಯಾನಿಕ್ ಕೆಲಸ ಕಲಿತೆ, ಸ್ವಂತ ಗ್ಯಾರೇಜು ಹಾಕಿದೆ. ಈಗ ಗಿರಾಕಿಗಳು ನನ್ನನ್ನು ಪೆಟ್ರೋಲಕ್ಕ ಎನ್ನುತ್ತಾರೆ. ಕಸುಬಿನಿಂದ ಬಂದ ಹೆಸರು ಎಂದುಕೊಂಡಿದ್ದಾರೆ.

ಅಮ್ಮ ಆ ಊಟದ ಡಬ್ಬಿಯನ್ನು ಎಸೆಯಲಿಲ್ಲ. ಅದರಲ್ಲಿ ಯಾರಿಗೂ ಊಟ ಹಾಕಲೂ ಇಲ್ಲ. ವಾರಕ್ಕೊಮ್ಮೆ ಬೂದಿ ಹಾಕಿ ತಿಕ್ಕಿ, ಒರೆಸಿ, ಕಪಾಟಿನ ಮೇಲೆ ಬೋರಲು ಹಾಕುತ್ತಿದ್ದಳು.

ಇಪ್ಪತ್ತಾರು ವರ್ಷ ಕಳೆದ ಮೇಲೆ, ಕಾರ್ಖಾನೆಯವರು ಶೆಡ್ಡು ಕೆಡವುತ್ತಾರಂತೆ, ಹಳೆಯ ಕಾರು ಮಾರುತ್ತಾರಂತೆ ಎಂದು ಬಿಡಿಭಾಗದ ಅಂಗಡಿಯವನು ಹೇಳಿದ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಕಿಟಕಿಯ ಬೆಳಕಿನಲ್ಲಿ ಉಗುರು ತೆಗೆಯುತ್ತಿದ್ದ. ತಲೆ ಎತ್ತಲಿಲ್ಲ.

“ಎಡಗಡೆ ಟ್ಯಾಂಕು ತುಂಬಿದೆ,” ಎಂದ.

ತುಂಬಿತ್ತು ಎನ್ನಲಿಲ್ಲ. ತುಂಬಿದೆ ಎಂದ. ಆ ಒಂದು ಅಕ್ಷರಕ್ಕಾಗಿ ನಾನು ಆ ಕಾರು ಕೊಂಡೆ.

ಕಸುಬಿನವಳಾಗಿ ನನಗೆ ಗೊತ್ತಿದ್ದದ್ದು ಬೇರೆ. ಪೆಟ್ರೋಲು ನೀರಲ್ಲ, ಮುಚ್ಚಳದ ರಬ್ಬರು ಒಣಗಿದರೆ ಹಾರಿಹೋಗುತ್ತದೆ, ತಳ ತುಕ್ಕು ಹಿಡಿದರೆ ಸೋರಿಹೋಗುತ್ತದೆ. ಇಪ್ಪತ್ತಾರು ವರ್ಷದಲ್ಲಿ ಎರಡೂ ಆಗಿರಬಹುದು. ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ಅಮ್ಮನಿಗೆ ಹೇಳಬೇಕಾಗಲಿಲ್ಲ, ಅವಳೇ ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

“ಬತ್ತಿ ಹೋಗಿದ್ರೆ ಏನ್ ಮಾಡ್ತೀಯೇ? ಜನ ಮರೆತಿದ್ದಾರೆ. ನೀನು ಊರೆಲ್ಲಾ ಸೇರಿಸಿ ಖಾಲಿ ಟ್ಯಾಂಕು ತೋರಿಸಿದ್ರೆ, ನಿಮ್ಮಪ್ಪ ಎರಡನೇ ಸಲ ಕಳ್ಳ ಆಗ್ತಾನೆ. ಈ ಸಲ ತಡ್ಕೊಳ್ಳೋ ವಯಸ್ಸಲ್ಲ.”

“ಜನ ಮರೆತಿದ್ದಾರೆ ಸರಿ. ಅಪ್ಪ ಮರೆತಿದ್ದಾನಾ?” ಎಂದೆ.

ಅವಳು ಬಹಳ ಹೊತ್ತು ಪಾತ್ರೆ ಜೋಡಿಸಿದಳು. ಕೊನೆಗೆ ಕಪಾಟಿನ ಮೇಲಿನ ಡಬ್ಬಿ ಇಳಿಸಿ ಕೈಚೀಲಕ್ಕೆ ಹಾಕಿಕೊಂಡು, ಯಾವತ್ತು ಹೋಗೋದು ಎಂದು ಕೇಳಿದಳು.

ವ್ಯಾಪಾರ ಗುಮಾಸ್ತರ ಜೊತೆ ನಡೆಯಿತು. ಅವರ ಕೂದಲು ಉದುರಿತ್ತು, ಕುರ್ಚಿ ಅದೇ ಇತ್ತು. ಹೆಂಗಸು ಕಾರು ಕೊಳ್ಳಲು ಬಂದಿದ್ದು ನೋಡಿ ಗಂಡ ಹೊರಗೆ ಇದ್ದಾರೇನಮ್ಮಾ ಎಂದು ವಿಚಾರಿಸಿದರು. ಅದು ಸತ್ತ ಗಾಡಿ, ಬರೀ ಕಬ್ಬಿಣ, ಒಬ್ಬ ಶ್ರೀಮಂತ ಬಂದು ಮೂತಿಯ ಮೇಲಿನ ಗೊಂಬೆ ಮಾತ್ರ ಕೊಡಿ ಎಂದು ಕೇಳಿ ಹೋದ ಎಂದೂ ಹೇಳಿದರು. ಬೆಲೆಯ ವಿಷಯ ಇಲ್ಲಿ ಬೇಡ. ಗ್ಯಾರೇಜಿನ ಹಿಂದಿನ ಜಾಗ ಮಾರಿದೆ ಎಂದರೆ ಸಾಕು. ನಾನು ಕೇಳಿದ್ದು ಎರಡೇ. ಕಾರು ಕೊಡುವಾಗ ಯಜಮಾನರೇ ಬಂದು ರುಜು ಹಾಕಬೇಕು. ಕಾಗದದಲ್ಲಿ ‘ಇದ್ದ ಹಾಗೆಯೇ, ಒಳಗಿರುವುದೆಲ್ಲ ಸೇರಿ’ ಎಂದು ಬರೆಯಬೇಕು.

“ಒಳಗೆ ಇಲಿಗೂಡು ಇದೆ,” ಎಂದರು ಗುಮಾಸ್ತರು.

“ಅದೂ ಸೇರಿ,” ಎಂದೆ.

ನಕ್ಕು ಬರೆದರು.

ಕಾರು ಕೈಗೆ ಬರುವ ದಿನ ಮಧ್ಯಾಹ್ನದ ಸೈರನ್ ಕೂಗುವ ಹೊತ್ತಿಗೆ ಸರಿಯಾಗಿ ನಾವು ಮೂವರೂ ಶೆಡ್ಡಿನ ಮುಂದೆ ಇದ್ದೆವು. ಹಿಂದಿನ ದಿನವೇ ಬಂದು ಬ್ರೇಕು ಬಿಡಿಸಿ, ಬೇರೆ ಚಕ್ರ ಹಾಕಿ ಹೋಗಿದ್ದೆ. ಟ್ಯಾಂಕಿನ ತಂಟೆಗೆ ಹೋಗಿರಲಿಲ್ಲ. ಬೆರಳಲ್ಲಿ ತಟ್ಟಿಯೂ ನೋಡಿರಲಿಲ್ಲ. ನೋಡುವುದಾದರೆ ಎಲ್ಲರ ಜೊತೆ ನೋಡಬೇಕು ಎಂದು ಹಟ. ಹೆದರಿಕೆಯೂ ಇತ್ತು.

ಯಜಮಾನರು ಕೋಲು ಊರಿಕೊಂಡು ಬಂದರು. ಕಾಗದಕ್ಕೆ ರುಜು ಹಾಕಿ ಬೀಗದ ಕೈ ಗೊಂಚಲನ್ನು ಗುಮಾಸ್ತರ ಮೂಲಕ ನನಗೆ ದಾಟಿಸಿದ ಮೇಲೆ ಅಪ್ಪನ ಮೇಲೆ ಅವರ ಕಣ್ಣು ಬಿತ್ತು. ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು.

“ನೀನಾ,” ಎಂದರು. “ಮಗಳು ದುಡಿದಿದ್ದಾಳೆ. ಒಳ್ಳೇದು. ಹಳೇದೆಲ್ಲಾ ಮರೆತುಬಿಡು.”

ಅಪ್ಪನ ತುಟಿ ಅಲುಗಿತು. ಆಗಲಿ ಎನ್ನುತ್ತಾನೆ ಎಂದುಕೊಂಡೆ. ಅವನು ಗೊಂಚಲನ್ನು ನನ್ನ ಕೈಯಿಂದ ತೆಗೆದುಕೊಂಡ, ಕಣ್ಣು ಹಾಯಿಸದೆ ಮೂರನೇ ಬೀಗದ ಕೈಯನ್ನು ಬೆರಳಲ್ಲಿ ಆರಿಸಿದ, ಎಡಗಡೆಯ ಮುಚ್ಚಳದ ಬೀಗಕ್ಕೆ ಹಾಕಿ ತಿರುಗಿಸಿದ. ತಿರುಗಲಿಲ್ಲ. ಎಣ್ಣೆ ಬಿಟ್ಟೆ. ಬೀಗವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಮುನಿಸಿಕೊಂಡ ಮಗುವನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಹಿಂದೆ ಮುಂದೆ ಆಡಿಸಿದ. ಟಕ್ ಎಂದಿತು.

ಊಟಕ್ಕೆ ಹೊರಟಿದ್ದ ಕೆಲಸಗಾರರು ಒಬ್ಬೊಬ್ಬರಾಗಿ ನಿಂತರು. ಹಳಬರು ಹೊಸಬರ ಕಿವಿಯಲ್ಲಿ ಏನೋ ಹೇಳಿದರು.

ನಾನು ಕೆಳಗೆ ತೂರಿ, ಟ್ಯಾಂಕಿನ ತಳದ ಬಿರಡೆಗೆ ಸ್ಪ್ಯಾನರ್ ಹಾಕಿದೆ. ಬಿರಡೆ ಬಂತು. ಏನೂ ಬರಲಿಲ್ಲ.

ಬೆನ್ನ ಮೇಲೆ ಮಲಗಿ ಆ ತೂತು ನೋಡುತ್ತಿದ್ದೆ. ಕಾರಿನ ಆಚೆ ಗುಮಾಸ್ತರ ಬೂಟು, ಯಜಮಾನರ ಕೋಲಿನ ತುದಿ, ಅಮ್ಮನ ಹಿಮ್ಮಡಿ. ಇಪ್ಪತ್ತಾರು ವರ್ಷ ನಾವು ನಂಬಿದ್ದು ಈ ಬೆರಳಗಲದ ತೂತನ್ನು. ಆಗಲೇ ಗುಮಾಸ್ತರು, “ಗಾಳಿಗೂ ರುಜು ಹಾಕಿಸಿಕೊಂಡ್ರಲ್ಲಮ್ಮಾ,” ಎಂದದ್ದು ಕೇಳಿಸಿತು. ಸಣ್ಣ ನಗೆ ಎದ್ದಿತು.

“ತಂತಿ ಹಾಕು,” ಎಂದ ಅಪ್ಪ. “ತಳದಲ್ಲಿ ತುಕ್ಕು ಕೂತಿರುತ್ತೆ.”

ಕಾರಿನ ಪಕ್ಕ ಮಂಡಿಯೂರಿ ತಂತಿಯ ತುಂಡೊಂದನ್ನು ಚಾಚಿದ್ದ. ಮನೆಯಿಂದಲೇ ತಂದಿದ್ದ.

ತಂತಿ ತೂರಿಸಿ ಒಂದು ಸಲ ತಿರುವಿದೆ. ಮೊದಲು ಕೆಂಪು ಕೆಸರಿನಂಥದು ಉದುರಿತು. ಆಮೇಲೆ ಒಂದು ಹನಿ ನನ್ನ ಹಣೆಯ ಮೇಲೆ ಬಿತ್ತು. ಆಮೇಲೆ ಬಂತು! ಜೋನಿಬೆಲ್ಲದ ಬಣ್ಣ, ಹುಳಿತ ಪೇಂಟಿನ ನಾತ, ಕಿರುಬೆರಳ ಗಾತ್ರದ ಧಾರೆ. ಒಂದು ಕ್ಯಾನು ತುಂಬಿತು. ಎರಡನೆಯದಿಟ್ಟೆ, ತುಂಬಿತು. ಮೂರನೆಯದನ್ನು ಯಾರೋ ಹಳೆಯ ಕೆಲಸಗಾರನೇ ಧಾರೆಯ ಕೆಳಗೆ ತಳ್ಳಿದ. ಸೋಪಿನ ಕಾರ್ಖಾನೆಯ ಅಂಗಳದಲ್ಲಿ ಸೋಪಿನ ವಾಸನೆ ಸತ್ತು ಹೋಯಿತು. ಕೊಳೆತ, ಮುದಿ, ಇಪ್ಪತ್ತಾರು ವರ್ಷದ ಪೆಟ್ರೋಲಿನ ವಾಸನೆ ಎಲ್ಲರ ಮೂಗಿಗೂ ಹತ್ತಿತು. ಹಾರಿದ್ದು ಹಾರಿ, ಉಳಿದದ್ದು ಉಳಿದೇ ಇತ್ತು.

ಯಾರೂ ಕೇಕೆ ಹಾಕಲಿಲ್ಲ. ಹಳಬರಲ್ಲಿ ಒಬ್ಬ ತಲೆಯ ಟೋಪಿ ತೆಗೆದ, ಅಷ್ಟೇ. ಅಪ್ಪ ಕ್ಯಾನಿನ ಕಡೆ ನೋಡಲೂ ಇಲ್ಲ. ಇದೆ ಎಂದು ಗೊತ್ತಿದ್ದವನಿಗೆ ನೋಡುವುದೇನು? ಅಂಗಿಯ ತೋಳಿನಿಂದ ಎಡಗಡೆಯ ಮುಚ್ಚಳದ ಧೂಳು ಒರೆಸುತ್ತಿದ್ದ.

ಅಮ್ಮ ಕೈಚೀಲದಿಂದ ಡಬ್ಬಿ ತೆಗೆದಳು. ಧಾರೆಗೆ ಹಿಡಿದು ಅರ್ಧ ತುಂಬಿಸಿದಳು. ನಾನು ಬಿರಡೆ ಬಿಗಿದು ಹೊರಗೆ ಬರುವಷ್ಟರಲ್ಲಿ ಗುಮಾಸ್ತರ ಹತ್ತಿರ ಹೋಗಿ ಎರಡೂ ಕೈಯಲ್ಲಿ, ಬಡಿಸುವವಳ ಹಾಗೆ, ಅವರ ಮೂಗಿನ ಕೆಳಗೆ ಹಿಡಿದಳು.

“ಈಗ ಮೂಸಿ ಅಣ್ಣಾ,” ಎಂದಳು. “ಅವತ್ತು ಬರೀ ಅನ್ನದ ವಾಸನೆ ಬಂತು ಅಂತ ನಿಮಗೆ ಬೇಜಾರಾಗಿತ್ತು.”

ಗುಮಾಸ್ತರು ಯಜಮಾನರ ಮುಖ ನೋಡಿದರು. ಅಲ್ಲಿಂದ ಅಪ್ಪಣೆ ಬರಲಿಲ್ಲ. ಯಾವತ್ತೂ ಅಪ್ಪಣೆಯಿಲ್ಲದೆ ಏನೂ ಮಾಡದಿದ್ದ ಆ ಮನುಷ್ಯ, ಆ ದಿನ ತಾನಾಗಿಯೇ ಕತ್ತು ಬಗ್ಗಿಸಿ ಮೂಸಿದರು. ಕೆಮ್ಮಿದರು. ಕಣ್ಣಲ್ಲಿ ನೀರು ಬಂತು, ಪೆಟ್ರೋಲಿನ ಘಾಟಿಗಿರಬಹುದು.

ಅಮ್ಮ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಕಾರಿನ ಹಿಂದಿನ ಬಾಗಿಲು ತೆರೆದು, ಇಲಿಗೂಡನ್ನು ಸೆರಗಿನಿಂದ ಗುಡಿಸಿ ಹಾಕಿ, ಚರ್ಮದ ಸೀಟಿನ ನಟ್ಟ ನಡುವೆ ಕೂತಳು. ಸೀಟು ಉಸಿರು ಬಿಟ್ಟಿತು. ಹಿಂದೆ ಕೂತ್ಕೋ ಎಂದು ಅಪ್ಪನಿಗೆ ನಾನೂ ಹೇಳಿದೆ, ಅವಳೂ ಜಾಗ ಬಿಟ್ಟಳು. ಅವನು ಕೇಳಲಿಲ್ಲ. ತನ್ನ ಸೀಟಿನಲ್ಲಿ ಕೂತು, ಕನ್ನಡಿಯನ್ನು ತನ್ನ ಎತ್ತರಕ್ಕೆ ಸರಿ ಮಾಡಿಕೊಂಡ. ಕೈ ತಾನಾಗಿಯೇ ಆ ಪುಟ್ಟ ಗುಂಡಿಗೆ ಹೋಗಿ ಅದನ್ನು ಒತ್ತಿತು. ಇಂಜಿನ್ ಏಳಲು ಇನ್ನೂ ನಾಲ್ಕು ತಿಂಗಳ ಕೆಲಸವಿದೆ. ಆದರೂ ಒತ್ತಿದ.

ಹೇಳದೆಯೇ ಕೆಲಸಗಾರರು ಕಾರಿನ ಬೆನ್ನಿಗೆ ಕೈ ಕೊಟ್ಟರು. ದೊರೆಸಾನಿ ಅಲುಗಿತು. ಶೆಡ್ಡಿನ ಕತ್ತಲೆಯಿಂದ ಅದರ ಹಸಿರು ಮೂತಿ ಬಿಸಿಲಿಗೆ ಬಂತು. ಒಂದು ಕಡೆ ಮುಂದಿನ ಗೇಟು, ಕಚೇರಿಯ ಕಿಟಕಿಗಳು, ಆಚೆ ಬೀದಿ ತುಂಬ ಜನ. ಇನ್ನೊಂದು ಕಡೆ ಹಿಂದಿನ ಗೇಟು.

ಯಜಮಾನರು ಕೋಲು ಊರುತ್ತಾ ಬಂದು ಕಿಟಕಿಗೆ ಬಗ್ಗಿದರು. ಅವರ ದನಿ ಇಳಿದಿತ್ತು, ಮಾತಿನ ವರಸೆ ಮಾತ್ರ ಹಳೆಯದೇ.

“ಆಗಿದ್ದು ಆಯ್ತು. ನನಗೇನು ಕನಸು ಬಿದ್ದಿತ್ತಾ ಎರಡು ಟ್ಯಾಂಕು ಇದೆ ಅಂತ? ಕ್ಯಾನುಗಳನ್ನ ಅಲ್ಲೇ ಬಿಡು, ಚೆಲ್ಲಿಸ್ತೀನಿ. ಗಾಡಿ ಹಿಂದಿನ ಗೇಟಿಂದ ತಗೊಂಡು ಹೋಗು. ಮುಂದೆ ಜನ ಇದ್ದಾರೆ.”

ತಳ್ಳುತ್ತಿದ್ದವರು ನಿಂತರು. ಅಮ್ಮ ಮುಂದಿನ ಸೀಟಿನ ಬೆನ್ನು ಹಿಡಿದಳು. ಅಪ್ಪ ಮುಂದಿನ ಗಾಜಿನಾಚೆ ನೋಡುತ್ತಾ, ಸ್ಟೇರಿಂಗನ್ನು ಎರಡು ಕೈಯಿಂದ ಪೂರ್ತಿ ಮುಂದಿನ ಗೇಟಿನ ಕಡೆಗೆ ತಿರುಗಿಸಿದ.

“ಆಗಲ್ಲ,” ಎಂದ.