ಮಾರೆಪ್ಪನ ಸಂಗಾಟ

ವಿಶಾಖಾ ಊಟದ ಡಬ್ಬಿ ತೆರೆದಳೆಂದರೆ ಅದರ ಜೊತೆಗೆ ಒಂದು ಕೊಲೆಯೂ ತೆರೆದುಕೊಳ್ಳುತ್ತದೆ ಎಂಬುದು ರಾಯಚೂರಿನ ಆ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಕನ್ನಡ ಕಲಿಸುವ ಟೀಚರ್, ನೋಡಿದರೆ ಇರುವೆಯನ್ನೂ ತುಳಿಯದವಳ ಹಾಗಿದ್ದಳು. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದುತ್ತಲೇ ಯಾವುದೋ ಊರಿನ ಬಾವಿಯಲ್ಲಿ ತೇಲಿದ ಟ್ರಂಕಿನ ಕಥೆ ಶುರು ಮಾಡುತ್ತಿದ್ದಳು. ಸಮಾಜ ವಿಜ್ಞಾನದ ಸರ್ ತಮ್ಮ ಡಬ್ಬಿ ಎತ್ತಿಕೊಂಡು ಕಿಟಕಿಯ ಕಡೆ ಹೋಗುತ್ತಿದ್ದರು. ವಿಜ್ಞಾನದ ಕಲ್ಯಾಣಿ ಮಾತ್ರ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.

ಕಲ್ಯಾಣಿಯ ಹುಚ್ಚು ಬೇರೆ. ಅವಳದು ಸಿನಿಮಾ. ಅದೂ ಅಳಿಸುವ ಸಿನಿಮಾ. ನೋಡಿದ್ದನ್ನೇ ನೋಡಿ, ಅತ್ತಲ್ಲೇ ಮತ್ತೆ ಅತ್ತು, ಮಾರನೆಯ ದಿನ ಇಡೀ ದೃಶ್ಯವನ್ನು ಕಣ್ಣು ಮೂಗು ಕೆಂಪಾಗಿಸಿಕೊಂಡು ಅಭಿನಯಿಸಿ ತೋರಿಸುತ್ತಿದ್ದಳು. ಇಬ್ಬರೂ ಸ್ಟೇಷನ್ ರಸ್ತೆಯ ಹಳೇ ಪುಸ್ತಕದ ಗಾಡಿಯಿಂದ ಪತ್ತೇದಾರಿ ಕಾದಂಬರಿ ಕೊಂಡು ಪಾಳಿಯ ಮೇಲೆ ಓದುತ್ತಿದ್ದರು. ಕೊನೆಯ ಹಾಳೆ ಹರಿದು ಹೋಗಿದ್ದರೆ ಕೊಲೆಗಾರ ಯಾರೆಂದು ವಾರವಿಡೀ ಜಗಳ. ಮದುವೆ ವಯಸ್ಸು ಮೀರುತ್ತಿರುವ ಹೆಣ್ಣುಮಕ್ಕಳಿಗೆ ಇದೆಂಥ ಖಯಾಲಿ ಎಂದು ಹೆಡ್ ಮೇಡಂ ಗೊಣಗುತ್ತಿದ್ದರು. ಅವರೂ ಆಗಾಗ ಬಾಗಿಲ ಬಳಿ ನಿಂತು ಕಥೆಯ ಕೊನೆ ಕೇಳಿಸಿಕೊಂಡೇ ಹೋಗುತ್ತಿದ್ದರು ಎನ್ನುವುದು ಬೇರೆ ಮಾತು.

ಕೊಲೆಯ ಕಥೆಗಳು ಯಾಕೆ ಬೇಕು ಎಂದು ಕಲ್ಯಾಣಿ ಒಮ್ಮೆ ಕೇಳಿದಾಗ ವಿಶಾಖಾ, "ಕೊನಿಗೆ ಯಾರರ ಒಬ್ಬರು ಸಿಗತಾರಲ್ಲ, ಅದಕ್ಕ" ಅಂದಳು. ಆಮೇಲೆ ಡಬ್ಬಿ ಮುಚ್ಚಿಟ್ಟು ಮಿಕ್ಕದ್ದನ್ನೂ ಹೇಳಿದಳು. ಅವಳ ಅಪ್ಪ ಪಕೀರಪ್ಪ ಮಾನ್ವಿ ತಾಲೂಕಿನ ಕುರ್ಡಿಯಲ್ಲಿ ಭತ್ತದ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅವಳು ಎರಡನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಮನೆಗೆ ಬರಲಿಲ್ಲ. ಬೆಳಿಗ್ಗೆ ಕಾಲುವೆಯಲ್ಲಿ ಸಿಕ್ಕ. ತಲೆಯ ಹಿಂದೆ ಗಾಯವಿತ್ತು. ಮೀನಿನ ಹಾಗೆ ಈಜುತ್ತಿದ್ದ ಮನುಷ್ಯ ಕಾಲು ಜಾರಿ ಬಿದ್ದು ಸತ್ತನೆಂದು ಎಲ್ಲರೂ ಒಪ್ಪಿಕೊಂಡರು, ಅಲ್ಲಿಗೆ ಮುಗಿಯಿತು. ಅವ್ವ ದುರುಗಮ್ಮ ಮಗಳನ್ನು ಕಟ್ಟಿಕೊಂಡು ತವರೂರು ದೇವದುರ್ಗಕ್ಕೆ ಬಂದು, ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡಿ, ಮಗಳನ್ನು ಟೀಚರ್ ಮಾಡಿದಳು. ಹೊಡೆದವರು ಯಾರು ಎಂಬ ಪ್ರಶ್ನೆಯನ್ನು ಅವ್ವ ನುಂಗಿಕೊಂಡಳು, ಮಗಳಿಗೆ ನುಂಗಲಾಗಲಿಲ್ಲ.

"ಇದನ್ನ ಅವರಿಗಿ ಕಳಸಲೇ ಹುಚ್ಚಿ" ಅಂದಳು ಕಲ್ಯಾಣಿ. ಅವರು ಅಂದರೆ ಬೆಂಗಳೂರಿನ ಒಬ್ಬಾತ ನಡೆಸುವ ಯೂಟ್ಯೂಬ್ ಚಾನೆಲ್ಲು. ನಿಜವಾಗಿ ನಡೆದ ಅಪರಾಧಗಳನ್ನು ಮೆಲುದನಿಯಲ್ಲಿ ಹೇಳುತ್ತಿದ್ದ ಅವನನ್ನು ಲಕ್ಷಾಂತರ ಜನ ಕೇಳುತ್ತಿದ್ದರು. ಅವನ ಕೇಳುಗರದೊಂದು ಗುಂಪಿತ್ತು. ಅಲ್ಲಿ ಜನ ತಮ್ಮ ಮೆಚ್ಚಿನ ಸಿನಿಮಾ, ಪುಸ್ತಕ, ಕೊಲೆ ಎಲ್ಲವನ್ನೂ ಹಬ್ಬದ ಹೋಳಿಗೆಯ ಹಾಗೆ ಹಂಚಿಕೊಳ್ಳುತ್ತಿದ್ದರು. ವಿಶಾಖಾ ಅಲ್ಲಿ ರಾಯಚೂರು ಮೇಡಂ ಎಂದೇ ಹೆಸರಾಗಿದ್ದಳು. ನಿಮ್ಮೂರಿನ ಬಗೆಹರಿಯದ ಪ್ರಕರಣ ಕಳಿಸಿ ಎಂದು ಆತ ಕೇಳಿದ್ದ. ಮನೆಯವರ ದನಿ ಇದ್ದರೆ ಇನ್ನೂ ಒಳ್ಳೆಯದು ಎಂದಿದ್ದ.

ದುರುಗಮ್ಮ ಮೊದಲು ಸುತಾರಾಂ ಒಪ್ಪಲಿಲ್ಲ. "ಮಣ್ಣಾಗ ಹೋದವನ ಸುದ್ದಿ ಈಗ್ಯಾಕ ತೆಗಿತಿ?"

"ಯವ್ವಾ, ಲಕ್ಷಗಟ್ಲೆ ಮಂದಿ ಕೇಳತಾರ. ಅದರಾಗ ಅವತ್ತ ನೋಡಿದೋರು ಯಾರರ ಇರಬಹುದು. ಒಬ್ಬರು ಬಾಯಿ ಬಿಟ್ಟರ ಸಾಕಲ್ಲ?"

ಆ ಮಾತಿಗೆ ಅವ್ವ ಸೋತಳು. ಫೋನಿನಲ್ಲಿ ಬರೀ ದನಿ ಹೋಗುತ್ತದೆ, ಮುಖ ಹೋಗುವುದಿಲ್ಲ ಎಂದರೂ ಕೇಳದೆ ತಲೆ ಬಾಚಿ, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಬಂದು ಕುಳಿತಳು. ಗಂಡನ ಸಲುವಾಗಿ ಆಡುವ ಮಾತು, ಸೆರಗು ಸರಿಯಿರಬೇಕು ಎಂದು ಅವಳ ಲೆಕ್ಕ. ಎಷ್ಟೋ ವರ್ಷಗಳ ನಂತರ ಅವಳ ಮುಖದಲ್ಲಿ ಆಸೆ ಕಂಡಿತ್ತು. ಅದನ್ನು ಕಂಡು ವಿಶಾಖಾಗೆ ಸಂತೋಷವಾಯಿತು, ಆ ಸಂತೋಷಕ್ಕೆ ಆಮೇಲೆ ಎಷ್ಟು ಬೈದುಕೊಂಡಳೋ ಅವಳಿಗೇ ಗೊತ್ತು.

ಅವ್ವ ಹೇಳಿದ್ದು ಇಷ್ಟು: "ಕತ್ತಲಾದ್ರೂ ಬರಲಿಲ್ಲ. ಬಾಜೂ ಮನಿ ಆದೆಮ್ಮಗ ಹೇಳಿದೆ. ಆಕಿ ತನ್ನ ಗಂಡ ಮಾರೆಪ್ಪಗ ಬ್ಯಾಟರಿ ಕೊಟ್ಟು ಕಳಿಸಿದಳು. ಬೆಳಗಾಗತನ ಮಾರೆಪ್ಪನ ಸಂಗಾಟ ಇದ್ದೆ. ಕಾಲುವಿ ದಂಡಿ ಹಿಡಕೊಂಡು ಮಲ್ಲಟದ ಕಡಿಗೆ ಹುಡಕಿಕೋತ ಹೋದಿವಿ. ನಮಗ ಸಿಗಲಿಲ್ಲ. ಸಿಕ್ಕಾಗ ಜೀವ ಇದ್ದಿಲ್ಲ."

ರಾಯಚೂರು ಸೀಮೆಯಲ್ಲಿ ಸಂಗಾಟ ಅಂದರೆ ಜೊತೆಗೆ, ಅಷ್ಟೇ. ಮಗು ಅಜ್ಜಿಯ ಸಂಗಾಟ ಸಂತೆಗೆ ಹೋಗುತ್ತದೆ, ಎತ್ತು ಎತ್ತಿನ ಸಂಗಾಟ ನಡೆಯುತ್ತದೆ. ಹುಟ್ಟಿದಾಗಿನಿಂದ ಕಿವಿಯ ಮೇಲೆ ಬಿದ್ದ ಮಾತನ್ನು ಯಾರೂ ನಿಂತು ಕೇಳುವುದಿಲ್ಲ. ಕನ್ನಡದಲ್ಲಿ ಎಂ.ಎ. ಮಾಡಿದ ವಿಶಾಖಾ ಕೂಡ ಕೇಳಲಿಲ್ಲ. ರೆಕಾರ್ಡಿಂಗನ್ನು ಎರಡು ಸಲ ಆಲಿಸಿ, ದನಿ ಸ್ಪಷ್ಟವಾಗಿದೆ ಎಂದು ಖುಷಿಪಟ್ಟು ಕಳಿಸಿಬಿಟ್ಟಳು.

ಸಂಚಿಕೆ ಬಂದದ್ದು ಭಾನುವಾರ. ಅವ್ವನ ಜೊತೆ ಕುಳಿತೇ ಕೇಳಬೇಕೆಂದು ವಿಶಾಖಾ ಬೆಳಗಿನ ಬಸ್ಸಿಗೆ ದೇವದುರ್ಗಕ್ಕೆ ಬಂದಿದ್ದಳು. ದುರುಗಮ್ಮ ಮತ್ತೆ ಅದೇ ಇಳಕಲ್ ಸೀರೆ ಉಟ್ಟು, ಪಕ್ಕದ ಮನೆಯ ಹೀರಾಬಿಯನ್ನೂ ಕರೆದಿದ್ದಳು. ಮೂವರೂ ಚಾಪೆಯ ಮೇಲೆ ಕುಳಿತರು, ನಡುವೆ ಫೋನು. ಸಂಚಿಕೆಯ ಹೆಸರು ಕಂಡೊಡನೆ ವಿಶಾಖಾ ಕೈ ಚಾಚಿದಳು: 'ಗಂಡ ಕಾಲುವೆಯಲ್ಲಿ, ಹೆಂಡತಿ ಯಾರ ಸಂಗದಲ್ಲಿ?' ಫೋನನ್ನು ಮಗುಚಿ ಹಾಕಬೇಕೆನ್ನುವಷ್ಟರಲ್ಲಿ ಅವ್ವನ ದನಿ ಶುರುವಾಗಿತ್ತು.

"ನನ್ನ ದನೀನ" ಎಂದು ದುರುಗಮ್ಮ ನಕ್ಕಳು.

ದನಿಯನ್ನು ಆತ ಕತ್ತರಿಸಿದ್ದ. ಆದೆಮ್ಮ ಬ್ಯಾಟರಿ ಕೊಟ್ಟದ್ದು ಇರಲಿಲ್ಲ, ಕಾಲುವೆಯ ದಂಡೆ ಇರಲಿಲ್ಲ. ಉಳಿದದ್ದು ಒಂದೇ ಸಾಲು: ಬೆಳಗಾಗತನ ಮಾರೆಪ್ಪನ ಸಂಗಾಟ ಇದ್ದೆ. ಕೆಳಗೆ ಅಕ್ಷರದಲ್ಲಿ 'ಸಂಗ, ಆಟ' ಎಂದು ಬಿಡಿಸಿ ಬರೆದಿದ್ದರು. ಆಮೇಲೆ ಆ ಮೆಲುದನಿ ಬಂತು. "ಈ ಪದವನ್ನು ಗಮನಿಸಿ. ನಾನು ಹೇಳ್ತಿಲ್ಲ, ಆ ತಾಯಿಯ ಬಾಯಿಂದಲೇ ಬಂದಿದೆ." ಇಂಥ ಸಾವುಗಳಲ್ಲಿ ಮೊದಲು ನೋಡಬೇಕಾದ್ದು ಮನೆಯ ಒಳಗೆ ಎಂದೂ ಸೇರಿಸಿದ. ಇದೇ ಮಾತನ್ನು ವಿಶಾಖಾ ಊಟದ ಹೊತ್ತಿನಲ್ಲಿ ಕಲ್ಯಾಣಿಗೆ ಅದೆಷ್ಟು ಸಲ ಹೇಳಿದ್ದಳೋ.

"ಏನಂದ ಅವ?" ಎಂದು ದುರುಗಮ್ಮ ಕೇಳಿದಳು. ಬೆಂಗಳೂರಿನ ಕನ್ನಡ ಅವಳಿಗೆ ಅರೆಬರೆ ತಿಳಿಯುತ್ತಿತ್ತು. ಹೀರಾಬಿ ಸೆರಗು ತಲೆಯ ಮೇಲೆ ಎಳೆದುಕೊಂಡು, "ಒಲಿ ಮ್ಯಾಲ ಅನ್ನಕ್ಕ ಇಟ್ಟು ಬಂದೀನವ್ವಾ" ಎಂದು ಎದ್ದು ಹೋದಳು. ಅವಳು ಹೋದ ರೀತಿಯಿಂದಲೇ ದುರುಗಮ್ಮನಿಗೆ ಎಲ್ಲ ಅರ್ಥವಾಯಿತು. ಮಗಳ ಮುಖವನ್ನು ಒಂದು ಗಳಿಗೆ ನೋಡಿ, ಎದ್ದು ಹೋಗಿ ಇಳಕಲ್ ಸೀರೆ ಬಿಚ್ಚಿ ಹಳೆಯದು ಉಟ್ಟು ಬಂದಳು.

ವಿಶಾಖಾ ಸುಮ್ಮನೆ ಕೂರಲಿಲ್ಲ. ಬೆಂಗಳೂರಿನವನಿಗೆ ಫೋನಿನ ಮೇಲೆ ಫೋನು ಮಾಡಿದಳು. ಸಂಗಾಟ ಅಂದರೆ ಏನೆಂದು ನಿಘಂಟಿನ ಹಾಳೆ ಸಮೇತ ಬರೆದಳು. ಅವನಿಗೆ ನಾಚಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು, ಪಾಪ, ಸ್ವಲ್ಪ ಆಯಿತು. 'ಪ್ರಾದೇಶಿಕ ಪದವೊಂದರ ಅರ್ಥದಲ್ಲಿ ವ್ಯತ್ಯಾಸವಿರಬಹುದು' ಎಂದು ಕೆಳಗೊಂದು ಸಾಲು ಸೇರಿಸಿದ. ಮೂರು ದಿನ ಬಿಟ್ಟು ಸಂಚಿಕೆಯನ್ನು ತೆಗೆದೂ ಹಾಕಿದ. ಅಷ್ಟರೊಳಗೆ ಅವ್ವನ ಆ ಒಂದು ಸಾಲನ್ನು ಯಾರೋ ಕತ್ತರಿಸಿ, ಹಿಂದೆ ಪ್ರೇಮಗೀತೆಯ ಸಂಗೀತ ಹಾಕಿ, ವಾಟ್ಸಾಪಿನಲ್ಲಿ ಬಿಟ್ಟಿದ್ದರು. ಅದು ಮಾನ್ವಿ ದಾಟಿ ಕುರ್ಡಿಗೂ ಹೋಯಿತು.

ಬೆಂಗಳೂರಿನವನದು ತಿಳಿಯದೆ ಆದ ತಪ್ಪು ಎನ್ನೋಣ. ನಮ್ಮವರದಕ್ಕೆ ಏನನ್ನೋಣ? ದಿನಕ್ಕೆ ಹತ್ತು ಸಲ ಹೆಂಡತಿಯ ಸಂಗಾಟ, ಮಕ್ಕಳ ಸಂಗಾಟ, ದನದ ಸಂಗಾಟ ಎನ್ನುವ ಜನ. ತಮ್ಮ ಬಾಯಿಯ ಮಾತಿನ ಅರ್ಥವನ್ನು ಎಲ್ಲೋ ಕುಳಿತ ಒಬ್ಬನಿಂದ ಹೊಸದಾಗಿ ಕಲಿತರು. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ದುರುಗಮ್ಮನನ್ನು ಕಂಡು ಒಬ್ಬ, "ಯಾರ ಸಂಗಾಟ ಹೊಂಟೀ ಯವ್ವಾ?" ಎಂದ, ಪಕ್ಕದಲ್ಲಿದ್ದವರು ಬಾಯಿಗೆ ಕೈ ಅಡ್ಡ ಹಿಡಿದರು. ಅಡುಗೆ ಮಾಡುತ್ತಿದ್ದ ಶಾಲೆಯವರು, ಮಂದಿ ಬಾಯಿ ಮುಚ್ಚುವವರೆಗೆ ಮನೆಯಲ್ಲೇ ಇರ್ರಿ ಎಂದರು. ಮಂದಿಯ ಬಾಯಿ ಯಾವಾಗ ಮುಚ್ಚುತ್ತದೆಂದು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಆಮೇಲೆ ಒಂದು ದಿನ ಕುರ್ಡಿಯಿಂದ ಆದೆಮ್ಮ ಬಂದಳು. ಪಕೀರಪ್ಪ ಸತ್ತ ಮೇಲೆ ಹಬ್ಬಕ್ಕೊಮ್ಮೆ ಅಕ್ಕಿ, ಹೆಸರುಕಾಳು ಗಂಡನ ಕೈಲಿ ಕಳಿಸುತ್ತಿದ್ದವಳು ಇವಳೇ. ಹೊಸ್ತಿಲ ಆಚೆಯೇ ನಿಂತಳು. ಕೊಟ್ಟ ನೀರನ್ನು ಮುಟ್ಟಲಿಲ್ಲ.

"ನನಗ ಗೊತ್ತದ ಅಕ್ಕಾ" ಅಂದಳು. "ನಾನ ಬ್ಯಾಟರಿ ಕೊಟ್ಟು ಕಳಿಸಿದಾಕಿ, ನನಗ ಗೊತ್ತಿಲ್ಲೇನು? ಆದ್ರ ಮಗಗ ಗೊತ್ತಿಲ್ಲ, ಸೊಸಿಗಿ ಗೊತ್ತಿಲ್ಲ, ಬೀಗರಿಗಿ ಗೊತ್ತಿಲ್ಲ. ಮುದುಕ ಹೊರಗ ಬರೋದ ಬಿಟ್ಟಾನ, ಗ್ವಾಡಿ ಕಡಿಗೆ ಮುಖ ಮಾಡಿ ಮಕ್ಕೊಂತಾನ. ನೀ ಇನ್ನ ನಮ್ಮ ಮನಿ ಕಡಿಗೆ ಬರಬ್ಯಾಡ. ನಾನೂ ಬರಂಗಿಲ್ಲ."

"ಆತು" ಅಂದಳು ದುರುಗಮ್ಮ. ಇಬ್ಬರೂ ಅಳಲಿಲ್ಲ. ಅತ್ತಿದ್ದರೆ ಏನಾದರೂ ಉಳಿಯುತ್ತಿತ್ತೇನೋ.

ಇದನ್ನೆಲ್ಲ ಹೀರಾಬಿ ಫೋನಿನಲ್ಲಿ ಹೇಳಿದಳು. ವಿಶಾಖಾ ಮುಂದಿನ ಭಾನುವಾರವೇ ಓಡಿ ಬಂದಳು. ದಾರಿಯುದ್ದಕ್ಕೂ, ಅವ್ವ ಬೈದರೆ ಬೈಸಿಕೊಳ್ಳಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು, ರಾಯಚೂರಿಗೆ ಕರೆದುಕೊಂಡು ಹೋಗಿ ತನ್ನ ಹತ್ತಿರವೇ ಇಟ್ಟುಕೊಳ್ಳಬೇಕು ಎಂದುಕೊಂಡಳು. ಊರು ಕೈಬಿಟ್ಟರೆ ಬಿಡಲಿ, ಅವ್ವನಿಗೆ ತಾನಿದ್ದೇನಲ್ಲ ಎಂಬ ಒಂದೇ ಧೈರ್ಯ ಅವಳಿಗೆ.

ದುರುಗಮ್ಮ ಬೈಯಲಿಲ್ಲ. ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ ಬಡಿಸಿದಳು. ಮಗಳು ಕಾಲು ಹಿಡಿದು, "ಯವ್ವಾ, ನಂದ ತಪ್ಪು" ಎಂದು ಅತ್ತಾಗ ತಲೆ ಸವರಿದಳು. "ನೀ ಅಪ್ಪನ ಸಲುವಾಗಿ ಮಾಡಿದಿ, ಬಿಡು" ಅಂದಳು. ವಿಶಾಖಾಗೆ ಉಸಿರು ಬಂತು. ರಾಯಚೂರಿಗೆ ಹೋಗೋಣ ಎಂದಳು. ದುರುಗಮ್ಮ ಬೇಡವೆನ್ನಲಿಲ್ಲ.

"ಒಂದು ಕೇಳತೀನಿ" ಅಂದಳು. "ಅವತ್ತ ಅವ ಫೋನಿನಾಗ ಹಂಗ ಅಂದಾಗ, ನನಗ ತಿಳಿಲಿಲ್ಲ. ನಿನಗ ತಿಳಿತು. ಆಗ ನಿನಗ ಏನನ್ನಿಸ್ತು?"

ಏನೂ ಅನ್ನಿಸಲಿಲ್ಲ ಯವ್ವಾ, ಅವನ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು. ಹೇಳಬೇಕಾದ ಈ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ವಿಶಾಖಾಗೆ ಆ ಗಳಿಗೆ ನೆನಪಾಯಿತು. ಮೆಲುದನಿ ಮಾತಾಡುತ್ತಿದ್ದಾಗ ಅವಳ ತಲೆ ತನ್ನಷ್ಟಕ್ಕೇ ಕೆಲಸ ಶುರು ಮಾಡಿತ್ತು. ಅಪ್ಪ ಸತ್ತ ಮೇಲೆ ಮಾರೆಪ್ಪ ಅಕ್ಕಿ ಚೀಲ ಹೊತ್ತು ತರುತ್ತಿದ್ದದ್ದು, ಅವ್ವ ಅವನೆದುರು ಸೆರಗು ಸರಿಮಾಡಿಕೊಳ್ಳುತ್ತಿದ್ದದ್ದು, ಅವಸರದಲ್ಲಿ ಕುರ್ಡಿ ಬಿಟ್ಟದ್ದು, ಎಲ್ಲವನ್ನೂ ಸಾಲಾಗಿ ಜೋಡಿಸಿ ನೋಡಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ನಾಚಿ ಅದನ್ನು ಅಲ್ಲೇ ಅದುಮಿದ್ದಳು. ಈಗ ಅದು ನೆನಪಾಗಿ ನಾಲಗೆ ತಡೆಯಿತು.

"ಏನೂ... ಏನೂ ಅನ್ನಿಸ್ಲಿಲ್ಲ ಯವ್ವಾ" ಅಂದಳು. ತಡವಾಗಿತ್ತು.

ದುರುಗಮ್ಮ ಮಗಳ ತಲೆಯ ಮೇಲಿದ್ದ ಕೈಯನ್ನು ತೆಗೆದುಕೊಂಡಳು. ಊಟದ ತಾಟು ಎತ್ತಿಕೊಂಡು ಬಚ್ಚಲಿಗೆ ಹೋದಳು. ತೊಳೆದು ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಗೋಡೆ ನೋಡಿಕೊಂಡು ಹೇಳಿದಳು:

"ನಾ ಎಲ್ಲೂ ಬರಂಗಿಲ್ಲ. ಬಸ್ಸಿನ ಹೊತ್ತಾತು, ನೀ ಹೊಂಡು."

ಇನ್ನೂ ಮಧ್ಯಾಹ್ನ. ರಾಯಚೂರಿಗೆ ಸಂಜೆಯವರೆಗೂ ಬಸ್ಸುಗಳಿದ್ದವು, ಅದು ಇಬ್ಬರಿಗೂ ಗೊತ್ತಿತ್ತು. ವಿಶಾಖಾ ಚೀಲ ಎತ್ತಿಕೊಂಡು ಹೊರಗೆ ಬಂದು ಚಪ್ಪಲಿ ಮೆಟ್ಟಿದಳು. ಒಳಗಿನಿಂದ ಯಾರೂ ಕರೆಯಲಿಲ್ಲ.